ಕಾರ್ಮಿಕ ಸಂಘಗಳ ಚುನಾವಣೆ: ಅಭ್ಯರ್ಥಿಗಳು ಕಾರ್ಯಸ್ಥಳ ಪ್ರತಿನಿಧಿಗಳ ಅಹವಾಲುಗಳನ್ನು ಆಲಿಸುವ ಬಗ್ಗೆ ಮಾಹಿತಿ

ಪೀಠಿಕೆ

ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಗಳ ಚುನಾವಣೆಯು ಸಂಘದ ಆಂತರಿಕ ವಿಷಯವಾಗಿರುತ್ತದೆ. ಆದರೆ ಆ ಚುನಾವಣೆಯಲ್ಲಿ ಆಯ್ಕೆಯಾಗುವವರು ವೇತನ, ಕೆಲಸದ ವೇಳೆ, ಸುರಕ್ಷತೆ ಹಾಗೂ ಸೇವಾ ಷರತ್ತುಗಳ ಬಗ್ಗೆ ನೂರಾರು ಕುಟುಂಬಗಳ ಪರವಾಗಿ ಮಾತುಕತೆ ನಡೆಸುವವರಾದುದರಿಂದ, ಅವರು ಕಾರ್ಯಸ್ಥಳದ ನೈಜ ಸ್ಥಿತಿಗತಿಗಳನ್ನು ಅರಿತಿರುವುದು ಅತ್ಯವಶ್ಯಕ. ಪ್ರತಿಯೊಂದು ವಿಭಾಗ ಹಾಗೂ ಪ್ರತಿಯೊಂದು ಪಾಳಿಯ ತೊಂದರೆಗಳನ್ನು ನಿತ್ಯವೂ ಕಾಣುವವರು ಅಲ್ಲಿನ ಪ್ರತಿನಿಧಿಗಳು. ಅವರ ಅಹವಾಲುಗಳನ್ನು ಚುನಾವಣೆಗೆ ಮುನ್ನವೇ ಕ್ರಮಬದ್ಧವಾಗಿ ಆಲಿಸುವ ಪದ್ಧತಿಯು ಸಂಘ, ಕಾರ್ಮಿಕ ಮತ್ತು ಉದ್ಯೋಗದಾತ ಮೂವರಿಗೂ ಹಿತಕರವಾದುದು.

ಸಂಘದ ಸದಸ್ಯರು, ಅಭ್ಯರ್ಥಿಗಳು, ವಿವಿಧ ಸಮಿತಿಗಳಲ್ಲಿರುವ ಕಾರ್ಮಿಕ ಪ್ರತಿನಿಧಿಗಳು ಹಾಗೂ ಹೊಸದಾಗಿ ಸಂಘವನ್ನು ನೋಂದಾಯಿಸಲು ಇಚ್ಛಿಸುವವರ ತಿಳಿವಳಿಕೆಗಾಗಿ ಈ ವಿಷಯದಲ್ಲಿ ಅನ್ವಯವಾಗುವ ಕಾನೂನು, ಅನುಸರಿಸಬಹುದಾದ ಕ್ರಮ ಮತ್ತು ಗಮನಿಸಬೇಕಾದ ಕಾಲಮಿತಿಗಳನ್ನು ಇಲ್ಲಿ ನೀಡಲಾಗಿದೆ.

1. ಅನ್ವಯವಾಗುವ ಕಾನೂನು

ಭಾರತದಲ್ಲಿ ಕಾರ್ಮಿಕ ಸಂಘಗಳ ನೋಂದಣಿಗೆ ಮೊದಲು ಅವಕಾಶ ಕಲ್ಪಿಸಿದ್ದು ಕಾರ್ಮಿಕ ಸಂಘಗಳ ಅಧಿನಿಯಮ, 1926. ಕಾರ್ಯ ಸಮಿತಿ, ಸಂಧಾನ ಮತ್ತು ನ್ಯಾಯನಿರ್ಣಯಕ್ಕೆ ಸಂಬಂಧಿಸಿದ ಉಪಬಂಧಗಳು ಕೈಗಾರಿಕಾ ವಿವಾದಗಳ ಅಧಿನಿಯಮ, 1947ರಲ್ಲಿ ಇದ್ದವು. ಈ ಎರಡೂ ಅಧಿನಿಯಮಗಳನ್ನು ಹಾಗೂ 1946ರ ಸ್ಥಾಯೀ ಆದೇಶಗಳ ಅಧಿನಿಯಮವನ್ನು ಒಗ್ಗೂಡಿಸಿ ರಚಿಸಲಾದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ದಿನಾಂಕ 21 ನವೆಂಬರ್ 2025ರಿಂದ ಜಾರಿಗೆ ಬಂದಿರುತ್ತದೆ. ಈ ಪುಟದಲ್ಲಿ 'ಸಂಹಿತೆ' ಎಂದರೆ ಸದರಿ ಸಂಹಿತೆ ಎಂದು ಅರ್ಥೈಸತಕ್ಕದ್ದು.

ಸಂಹಿತೆಯ ಮುಖ್ಯ ಅಂಶಗಳು ಕೆಳಕಂಡಂತಿವೆ:

(ಅ) ಏಳು ಅಥವಾ ಹೆಚ್ಚು ಸದಸ್ಯರು ಸಂಘದ ನಿಯಮಾವಳಿಗೆ ಸಹಿ ಮಾಡಿ ನೋಂದಣಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯ ದಿನಾಂಕದಂದು ಸಂಬಂಧಿತ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸಂಘದ ಸದಸ್ಯರಾಗಿರಬೇಕು (ಪ್ರಕರಣ 6).

(ಆ) ಸಂಘದ ನಿಯಮಾವಳಿಯಲ್ಲಿ ಸದಸ್ಯರ ಪಟ್ಟಿಯ ನಿರ್ವಹಣೆ, ವಂತಿಗೆ, ವಾರ್ಷಿಕ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ ಹಾಗೂ ಕಾರ್ಯಕಾರಿ ಸಮಿತಿಯ ಸದಸ್ಯರು ಮತ್ತು ಇತರ ಪದಾಧಿಕಾರಿಗಳನ್ನು ಎರಡು ವರ್ಷಗಳಿಗೊಮ್ಮೆ ಚುನಾಯಿಸುವ ವಿಧಾನ ಸೇರಿರಬೇಕು (ಪ್ರಕರಣ 7).

(ಇ) ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51 ಅಥವಾ ಹೆಚ್ಚು ಮಂದಿಯ ಬೆಂಬಲವುಳ್ಳ ಸಂಘವನ್ನು ಏಕೈಕ ಸಂಧಾನ ಸಂಘವೆಂದು ಮಾನ್ಯ ಮಾಡಲಾಗುತ್ತದೆ. ಅಂತಹ ಸಂಘ ಇಲ್ಲದಿದ್ದಲ್ಲಿ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವುಳ್ಳ ಸಂಘಗಳ ಪ್ರತಿನಿಧಿಗಳನ್ನು ಒಳಗೊಂಡ ಸಂಧಾನ ಮಂಡಳಿಯನ್ನು ರಚಿಸಲಾಗುತ್ತದೆ (ಪ್ರಕರಣ 14).

ಎರಡು ಬಗೆಯ ಚುನಾವಣೆಗಳನ್ನು ಸಾರ್ವಜನಿಕರು ಒಂದೇ ಎಂದು ಭಾವಿಸುವುದುಂಟು. ಸಂಘದ ಪದಾಧಿಕಾರಿಗಳ ಚುನಾವಣೆಯು ಸಂಘದ ನಿಯಮಾವಳಿಯಂತೆ ಸದಸ್ಯರ ನಡುವೆ ನಡೆಯುವಂತಹುದು. ಸಂಸ್ಥೆಯೊಂದರಲ್ಲಿ ಹಲವು ಸಂಘಗಳಿದ್ದಾಗ ಯಾವುದಕ್ಕೆ ಬಹುಮತವಿದೆ ಎಂದು ನಿರ್ಧರಿಸುವುದು ಬೇರೆಯೇ ಪ್ರಕ್ರಿಯೆ. ಭಾರತೀಯ ಆಹಾರ ನಿಗಮದ ಸಿಬ್ಬಂದಿ ಸಂಘದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಗುಪ್ತ ಮತದಾನದ ವಿಧಿವಿಧಾನಗಳನ್ನು ನೀಡಿದ್ದು ಈ ಎರಡನೆಯ ಬಗೆಗೆ ಸಂಬಂಧಿಸಿದ್ದಾಗಿದೆ. ಈ ಪುಟದ ಮಾಹಿತಿಯು ಮುಖ್ಯವಾಗಿ ಮೊದಲನೆಯ ಬಗೆಯ ಚುನಾವಣೆಯನ್ನು ಕುರಿತದ್ದಾಗಿದೆ.

2. ಕಾರ್ಯಸ್ಥಳದ ಪ್ರತಿನಿಧಿಗಳು ಯಾರು?

ಒಂದು ಕಾರ್ಖಾನೆ ಅಥವಾ ಸಂಸ್ಥೆಯಲ್ಲಿ ಕಾರ್ಮಿಕರನ್ನು ಪ್ರತಿನಿಧಿಸುವವರು ಹಲವರಿರುತ್ತಾರೆ. ಪ್ರತಿಯೊಬ್ಬರ ವ್ಯಾಪ್ತಿಯೂ ಬೇರೆಯಾಗಿರುತ್ತದೆ.

ಕಾರ್ಯ ಸಮಿತಿಯ ಸದಸ್ಯರು: 100 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಯಲ್ಲಿ ಕಾರ್ಯ ಸಮಿತಿಯನ್ನು ರಚಿಸುವಂತೆ ಸಮುಚಿತ ಸರ್ಕಾರವು ಆದೇಶಿಸಬಹುದು. ಕಾರ್ಮಿಕ ಪ್ರತಿನಿಧಿಗಳ ಸಂಖ್ಯೆ ಉದ್ಯೋಗದಾತರ ಪ್ರತಿನಿಧಿಗಳ ಸಂಖ್ಯೆಗಿಂತ ಕಡಿಮೆ ಇರುವಂತಿಲ್ಲ. ನಿತ್ಯದ ಸಾಮಾನ್ಯ ಹಿತಾಸಕ್ತಿಯ ವಿಷಯಗಳಲ್ಲಿ ಸೌಹಾರ್ದ ಕಾಪಾಡುವುದು ಈ ಸಮಿತಿಯ ಕರ್ತವ್ಯ.

ಕುಂದುಕೊರತೆ ನಿವಾರಣಾ ಸಮಿತಿಯ ಸದಸ್ಯರು: 20 ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿಯೊಂದು ಕೈಗಾರಿಕಾ ಸಂಸ್ಥೆಯಲ್ಲಿ ಈ ಸಮಿತಿ ಇರತಕ್ಕದ್ದು. ಉಭಯ ಪಕ್ಷಗಳ ಸದಸ್ಯರ ಸಂಖ್ಯೆ ಸಮನಾಗಿರಬೇಕು. ಒಟ್ಟು ಸಂಖ್ಯೆ ಹತ್ತನ್ನು ಮೀರುವಂತಿಲ್ಲ. ಅಧ್ಯಕ್ಷ ಸ್ಥಾನವು ವರ್ಷಕ್ಕೊಮ್ಮೆ ಸರದಿಯಂತೆ ಉದ್ಯೋಗದಾತರ ಹಾಗೂ ಕಾರ್ಮಿಕರ ಪ್ರತಿನಿಧಿಗಳಿಗೆ ದೊರೆಯುತ್ತದೆ. ಸಂಸ್ಥೆಯಲ್ಲಿರುವ ಮಹಿಳಾ ಕಾರ್ಮಿಕರ ಪ್ರಮಾಣಕ್ಕೆ ಕಡಿಮೆಯಿಲ್ಲದಂತೆ ಸಮಿತಿಯಲ್ಲಿ ಮಹಿಳೆಯರಿರಬೇಕು.

ಸುರಕ್ಷತಾ ಸಮಿತಿಯ ಸದಸ್ಯರು: ಸರ್ಕಾರದ ಆದೇಶದಂತೆ ಸುರಕ್ಷತಾ ಸಮಿತಿ ರಚಿತವಾಗಿರುವ ಸಂಸ್ಥೆಗಳಲ್ಲಿ ಯಂತ್ರರಕ್ಷಣೆ, ಅಪಾಯಕಾರಿ ರಾಸಾಯನಿಕ, ಬೆಂಕಿ ಮುನ್ನೆಚ್ಚರಿಕೆ ಮುಂತಾದವುಗಳನ್ನು ಇವರು ಗಮನಿಸುತ್ತಾರೆ.

ಸಂಘದ ವಿಭಾಗ ಪ್ರತಿನಿಧಿಗಳು: ಕಾನೂನಿನಲ್ಲಿ ಪ್ರತ್ಯೇಕವಾಗಿ ಹೆಸರಿಸದಿದ್ದರೂ ಅನೇಕ ಸಂಘಗಳು ತಮ್ಮ ನಿಯಮಾವಳಿಯಂತೆ ವಿಭಾಗಕ್ಕೊಬ್ಬರಂತೆ, ಪಾಳಿಗೊಬ್ಬರಂತೆ ಪ್ರತಿನಿಧಿಗಳನ್ನು ನೇಮಿಸಿಕೊಂಡಿರುತ್ತವೆ. ಕಾರ್ಮಿಕರು ಮೊದಲು ಹೋಗುವುದು ಸಾಮಾನ್ಯವಾಗಿ ಇವರ ಬಳಿಗೇ.

ಕಾರ್ಯ ಸಮಿತಿಯ ಸದಸ್ಯರು ಸಂಘಕ್ಕೆ ಬದಲಿಯಲ್ಲ ಎಂಬುದನ್ನು ಅಭ್ಯರ್ಥಿಗಳು ಮನಗಾಣಬೇಕು. ನಾರ್ತ್ ಬ್ರೂಕ್ ಜೂಟ್ ಕಂಪನಿಯ ಪ್ರಕರಣದಲ್ಲಿ (1960) ಕೆಲಸದ ಪುನರ್‌ವ್ಯವಸ್ಥೆಯ ಯೋಜನೆಯೊಂದಕ್ಕೆ ಕಾರ್ಯ ಸಮಿತಿಯಲ್ಲಿನ ಕಾರ್ಮಿಕ ಪ್ರತಿನಿಧಿಗಳು ಒಪ್ಪಿಗೆ ನೀಡಿದ್ದರು. ಆ ಒಪ್ಪಿಗೆ ಕಾರ್ಮಿಕರೆಲ್ಲರನ್ನೂ ಬಂಧಿಸುವುದಿಲ್ಲವೆಂದೂ, ಕಾರ್ಯ ಸಮಿತಿಯು ಸಾಮೂಹಿಕ ಚೌಕಾಸಿಯಲ್ಲಿ ಸಂಘದ ಸ್ಥಾನವನ್ನು ಆಕ್ರಮಿಸುವಂತಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1971ರಲ್ಲಿ ಅಂಗೀಕರಿಸಿದ 135ನೇ ಒಡಂಬಡಿಕೆಯೂ ಚುನಾಯಿತ ಪ್ರತಿನಿಧಿಗಳ ಇರುವಿಕೆಯನ್ನು ಸಂಘವನ್ನು ದುರ್ಬಲಗೊಳಿಸಲು ಬಳಸಬಾರದೆಂಬ ತತ್ವವನ್ನು ಹೇಳುತ್ತದೆ. ಸಮಿತಿಯ ಪ್ರತಿನಿಧಿಗೆ ತಿಳಿವಳಿಕೆ ಇರುತ್ತದೆ. ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಸಂಘಕ್ಕೆ ಇರುತ್ತದೆ. ಇವೆರಡರ ನಡುವೆ ಸಂಪರ್ಕ ಕಲ್ಪಿಸುವುದೇ ಅಹವಾಲು ಆಲಿಸುವಿಕೆಯ ಉದ್ದೇಶ.

3. ಅಹವಾಲು ಆಲಿಸುವುದರ ಅವಶ್ಯಕತೆ

ಕಾರ್ಯಸ್ಥಳದ ಆತಂಕಗಳು ಸಂಘಟನೆಯ ಮಾರ್ಗದಲ್ಲಿ ಸಕಾಲಕ್ಕೆ ಮೇಲೆ ಬರದಿದ್ದಲ್ಲಿ ಅವು ಬೇರೆ ಮಾರ್ಗ ಹಿಡಿಯುತ್ತವೆ. ಇದಕ್ಕೆ ಬೆಂಗಳೂರಿನ ಸಿದ್ಧ ಉಡುಪು ಕ್ಷೇತ್ರವೇ ನಿದರ್ಶನ. ಭವಿಷ್ಯ ನಿಧಿಯಲ್ಲಿನ ಉದ್ಯೋಗದಾತರ ಪಾಲನ್ನು 58 ವರ್ಷ ವಯಸ್ಸಿನವರೆಗೆ ಹಿಂಪಡೆಯುವಂತಿಲ್ಲವೆಂಬ ಅಧಿಸೂಚನೆಯು 2016ರ ಫೆಬ್ರವರಿಯಲ್ಲಿ ಹೊರಟಿತ್ತು. ಮಕ್ಕಳ ಶಾಲಾ ಶುಲ್ಕ, ಮದುವೆ, ಚಿಕಿತ್ಸೆಗಳಿಗೆ ಈ ಹಣವನ್ನೇ ನೆಚ್ಚಿಕೊಂಡಿದ್ದ ಕಾರ್ಮಿಕರಲ್ಲಿ ಅದು ತೀವ್ರ ಕಳವಳವನ್ನುಂಟುಮಾಡಿತು. ಏಪ್ರಿಲ್ 18 ಮತ್ತು 19ರಂದು ಸಹಸ್ರಾರು ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೆಚ್ಚಿನ ಕಡೆಗಳಲ್ಲಿ ಯಾವುದೇ ಸಂಘದ ಕರೆ ಇಲ್ಲದೆಯೇ ರಸ್ತೆಗಿಳಿದರು. ಕೇಂದ್ರ ಸರ್ಕಾರವು ಏಪ್ರಿಲ್ 19ರಂದು ಆ ಅಧಿಸೂಚನೆಯನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಹೊಲಿಗೆ ಸಾಲುಗಳಲ್ಲಿ ವಾರಗಟ್ಟಲೆ ನಡೆದಿದ್ದ ಮಾತು ಸಂಘಗಳ ಹಾಗೂ ಆಡಳಿತದ ಕಿವಿಗೆ ಮೊದಲೇ ಬಿದ್ದಿದ್ದಲ್ಲಿ ಅದು ಮನವಿಯ ರೂಪದಲ್ಲಿಯೇ ಇತ್ಯರ್ಥವಾಗುವ ಅವಕಾಶವಿರುತ್ತಿತ್ತು.

ಸಂಘದ ಚುನಾವಣೆಯ ಕಾಲವು ಇಂತಹ ಮಾತುಗಳನ್ನು ಆಲಿಸಲು ಸೂಕ್ತವಾದುದು. ಆ ದಿನಗಳಲ್ಲಿ ಸದಸ್ಯರು ಮುಕ್ತವಾಗಿ ಮಾತನಾಡುತ್ತಾರೆ. ಅಭ್ಯರ್ಥಿಯೂ ಕೇಳಲು ಸಿದ್ಧನಿರುತ್ತಾನೆ.

4. ಅಭ್ಯರ್ಥಿಗಳ ಅರ್ಹತೆ

- 18 ವರ್ಷ ಪೂರ್ಣಗೊಂಡಿರಬೇಕು.
- ನೈತಿಕ ಅಧಃಪತನವನ್ನೊಳಗೊಂಡ ಅಪರಾಧಕ್ಕಾಗಿ ಕಾರಾವಾಸದ ಶಿಕ್ಷೆಗೆ ಗುರಿಯಾಗಿದ್ದಲ್ಲಿ, ಬಿಡುಗಡೆಯಾಗಿ ಐದು ವರ್ಷ ಕಳೆದಿರಬೇಕು.
- ಸಂಘಟಿತ ವಲಯದ ಸಂಘದಲ್ಲಿ ಹೊರಗಿನವರ ಸಂಖ್ಯೆಯು ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐದು, ಇವುಗಳಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ. ಅಸಂಘಟಿತ ವಲಯದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಪದಾಧಿಕಾರಿಗಳು ಆ ಉದ್ಯಮದಲ್ಲಿಯೇ ಕೆಲಸದಲ್ಲಿರುವವರಾಗಿರಬೇಕು.
- ನಿವೃತ್ತರಾದ ಅಥವಾ ಹಿಂಕಡಿತಗೊಂಡ ಕಾರ್ಮಿಕರನ್ನು ಹೊರಗಿನವರೆಂದು ಪರಿಗಣಿಸುವಂತಿಲ್ಲ.

ಹೊರಗಿನಿಂದ ಬಂದ ಅಭ್ಯರ್ಥಿಗೆ ಕಾನೂನಿನ ಅರಿವು, ಮಾತುಕತೆಯ ಅನುಭವ ಇರಬಹುದು. ಆದರೆ ಎರಡನೇ ಪಾಳಿಯ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಶೌಚಾಲಯಕ್ಕೆ ಹೋಗಲು ಯಾರ ಅನುಮತಿ ಬೇಕಾಗುತ್ತದೆ ಎಂಬ ವಿವರಗಳು ಅವರಿಗೆ ಪ್ರತಿನಿಧಿಗಳಿಂದಲೇ ತಿಳಿಯಬೇಕು.

5. ಅಹವಾಲು ಆಲಿಸುವ ಕ್ರಮ

ಈ ಕುರಿತು ಕಾನೂನಿನಲ್ಲಿ ನಿಗದಿತ ನಮೂನೆ ಇರುವುದಿಲ್ಲ. ಸಂಘಗಳು ತಮ್ಮ ನಿಯಮಾವಳಿಗೆ ಅನುಗುಣವಾಗಿ ಕೆಳಕಂಡ ಕ್ರಮವನ್ನು ಅಳವಡಿಸಿಕೊಳ್ಳಬಹುದು:

1) ಸಭೆಯ ಸ್ಥಳ ಮತ್ತು ವೇಳೆ: ಸಭೆಗಳನ್ನು ಕೆಲಸದ ವೇಳೆಯ ಹೊರಗೆ, ಸಂಘದ ಕಚೇರಿಯಲ್ಲಿ ಅಥವಾ ಇತರ ಸೂಕ್ತ ಸ್ಥಳದಲ್ಲಿ ನಡೆಸುವುದು. ಸಂಸ್ಥೆಯ ಆವರಣದಲ್ಲಿ ನಡೆಸುವುದಾದರೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯುವುದು. ಅನುಮತಿ ನೀಡುವಾಗ ಎಲ್ಲ ಅಭ್ಯರ್ಥಿಗಳಿಗೂ ಸಮಾನ ಅವಕಾಶ ದೊರೆಯತಕ್ಕದ್ದು.

2) ಎಲ್ಲ ಪಾಳಿಗಳಿಗೂ ಅವಕಾಶ: ಹಗಲು ಪಾಳಿಯ ನಂತರ ಒಂದೇ ಸಭೆ ನಡೆಸಿದಲ್ಲಿ ರಾತ್ರಿ ಪಾಳಿಯವರ ಮಾತು ಬಿಟ್ಟುಹೋಗುತ್ತದೆ. ಪಾಳಿವಾರು ಪ್ರತ್ಯೇಕ ಸಭೆಗಳನ್ನು ಏರ್ಪಡಿಸುವುದು ಉಚಿತ.

3) ಮಹಿಳಾ ಪ್ರತಿನಿಧಿಗಳು: ಮಹಿಳಾ ಪ್ರತಿನಿಧಿಗಳೊಂದಿಗೆ ಪ್ರತ್ಯೇಕ ಸಭೆ ನಡೆಸುವುದು. ಸಂಜೆಯ ಸಭೆಗಳು ಅವರ ಮನೆಗೆಲಸ ಹಾಗೂ ಪ್ರಯಾಣಕ್ಕೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು.

4) ಗುತ್ತಿಗೆ ಹಾಗೂ ವಲಸೆ ಕಾರ್ಮಿಕರು: ಇವರಲ್ಲಿ ಅನೇಕರು ಸಂಘದ ಸದಸ್ಯರಾಗಿರುವುದಿಲ್ಲ, ಮತದಾನದ ಹಕ್ಕೂ ಇರುವುದಿಲ್ಲ. ಆದಾಗ್ಯೂ ಅದೇ ಯಂತ್ರ, ಅದೇ ಶೆಡ್ಡಿನಲ್ಲಿ ಕೆಲಸ ಮಾಡುವ ಅವರ ಅಹವಾಲುಗಳು ಕಾಯಂ ಕಾರ್ಮಿಕರ ಸುರಕ್ಷತೆಗೂ ಸಂಬಂಧಿಸಿರುತ್ತವೆ. ಹಿಂದಿ, ಒಡಿಯಾ, ಬಂಗಾಳಿ ಮುಂತಾದ ಭಾಷೆ ಬಲ್ಲ ಸಹೋದ್ಯೋಗಿಯ ನೆರವು ಪಡೆಯಬಹುದು.

5) ದಾಖಲೆ: ಪ್ರತಿಯೊಂದು ಅಹವಾಲನ್ನು ದಿನಾಂಕ, ವಿಭಾಗ, ಬಾಧಿತರ ಅಂದಾಜು ಸಂಖ್ಯೆ, ಈ ಹಿಂದೆ ದೂರು ನೀಡಲಾಗಿದೆಯೇ ಹಾಗೂ ಅದರ ಫಲಿತಾಂಶ ಎಂಬ ಅಂಶಗಳೊಡನೆ ಬರೆದಿಡುವುದು. ಬರೆದುದನ್ನು ಪ್ರತಿನಿಧಿಗೆ ಓದಿ ಹೇಳಿ ಒಪ್ಪಿಗೆ ಪಡೆಯುವುದು.

6) ಗೌಪ್ಯತೆ: ವೈಯಕ್ತಿಕ ಅಹವಾಲುಗಳಲ್ಲಿ ಕಾರ್ಮಿಕರ ಹೆಸರನ್ನು ಪ್ರಚಾರ ಪತ್ರಗಳಲ್ಲಿ ಬಳಸಬಾರದು. ಲೈಂಗಿಕ ಕಿರುಕುಳದ ದೂರುಗಳನ್ನು 2013ರ ಅಧಿನಿಯಮದಂತೆ ಆಂತರಿಕ ಸಮಿತಿಗೆ ಸಲ್ಲಿಸಬೇಕು. ದೂರಿನ ವಿವರ ಹಾಗೂ ದೂರುದಾರರ ಗುರುತನ್ನು ಬಹಿರಂಗಪಡಿಸುವುದನ್ನು ಕಾನೂನು ನಿಷೇಧಿಸಿದೆ.

7) ಉತ್ತರ ನೀಡುವುದು: ಚುನಾವಣೆಗೆ ಮುನ್ನವೇ ಅಭ್ಯರ್ಥಿಯು ಯಾವ ಅಹವಾಲನ್ನು ಸಂಘದ ಬೇಡಿಕೆಯಾಗಿ ಸ್ವೀಕರಿಸಲಾಗುವುದು, ಯಾವುದನ್ನು ಸಮಿತಿಗೆ ಕಳುಹಿಸಬೇಕು, ಯಾವುದು ಸಾಧ್ಯವಿಲ್ಲ ಎಂಬುದನ್ನು ಕಾರಣಸಹಿತ ತಿಳಿಸುವುದು. 'ಸಾಧ್ಯವಿಲ್ಲ' ಎಂಬ ಪ್ರಾಮಾಣಿಕ ಉತ್ತರವು ಈಡೇರದ ಭರವಸೆಗಿಂತ ಮೇಲು.

6. ಯಾವ ಅಹವಾಲು ಎಲ್ಲಿಗೆ?

- ಒಬ್ಬ ಕಾರ್ಮಿಕನ ರಜೆ, ಬಡ್ತಿ, ಎಚ್ಚರಿಕೆ ಪತ್ರ, ವೇತನ ಕಡಿತ: ಕುಂದುಕೊರತೆ ನಿವಾರಣಾ ಸಮಿತಿ.
- ಕ್ಯಾಂಟೀನು, ಕುಡಿಯುವ ನೀರು, ಗಾಳಿ ಬೆಳಕು, ಸಾರಿಗೆ ವೇಳೆ: ಕಾರ್ಯ ಸಮಿತಿ.
- ಯಂತ್ರರಕ್ಷಣೆ, ಅಪಘಾತ, ರಾಸಾಯನಿಕಗಳು: ಸುರಕ್ಷತಾ ಸಮಿತಿ, ಪರಿಹಾರ ದೊರೆಯದಿದ್ದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.
- ವೇತನ ಪರಿಷ್ಕರಣೆ, ಬೋನಸ್, ಕೆಲಸದ ಹೊರೆ, ಉತ್ಪಾದನಾ ಟಾರ್ಗೆಟ್, ಪಾಳಿ ಬದಲಾವಣೆ: ಸಂಧಾನ ಸಂಘ ಅಥವಾ ಸಂಧಾನ ಮಂಡಳಿಯ ಮೂಲಕ ಮಾತುಕತೆ.
- ಗುತ್ತಿಗೆದಾರನು ವೇತನ ಪಾವತಿಸದಿರುವುದು: ಮೂಲ ಉದ್ಯೋಗದಾತನಿಗೆ ಲಿಖಿತ ಮನವಿ, ಗುತ್ತಿಗೆದಾರನು ತಪ್ಪಿದಲ್ಲಿ ಪಾವತಿಯ ಹೊಣೆ ಮೂಲ ಉದ್ಯೋಗದಾತನದು. ಜೊತೆಗೆ ಕಾರ್ಮಿಕ ಇಲಾಖೆಯ ಸ್ಥಳೀಯ ಕಚೇರಿಗೆ ದೂರು.
- ಭವಿಷ್ಯ ನಿಧಿ ಮತ್ತು ರಾಜ್ಯ ವಿಮೆ: ಆಯಾ ಸಂಸ್ಥೆಗಳ ಪ್ರಾದೇಶಿಕ ಕಚೇರಿ.

ಒಂದೇ ಬಗೆಯ ವೈಯಕ್ತಿಕ ಅಹವಾಲು ಹಲವು ವಿಭಾಗಗಳಿಂದ ಬಂದಲ್ಲಿ ಅದು ಸಾಮೂಹಿಕ ವಿಷಯವಾಗಿರುವ ಸಂಭವವಿರುತ್ತದೆ. ಉದಾಹರಣೆಗೆ, ಮೂರು ವಿಭಾಗಗಳ ಪ್ರತಿನಿಧಿಗಳು ಪ್ರತ್ಯೇಕವಾಗಿ 'ರಜೆ ಮಂಜೂರಾಗುತ್ತಿಲ್ಲ' ಎಂದು ತಿಳಿಸಿದಲ್ಲಿ, ಅದರ ಮೂಲ ಸಿಬ್ಬಂದಿಯ ಕೊರತೆಯಾಗಿರಬಹುದು. ಇದು ಒಬ್ಬ ಪ್ರತಿನಿಧಿಗೆ ಕಾಣುವುದಿಲ್ಲ. ಎಲ್ಲರ ಮಾತನ್ನೂ ಕೇಳಿದ ಅಭ್ಯರ್ಥಿಗೆ ಮಾತ್ರ ಕಾಣುತ್ತದೆ.

7. ಕಾಲಮಿತಿ: ವಿಶೇಷ ಸೂಚನೆ

'ಚುನಾವಣೆ ಮುಗಿಯಲಿ, ಆಮೇಲೆ ನೋಡೋಣ' ಎಂದು ಅಹವಾಲನ್ನು ಇರಿಸಿಕೊಳ್ಳುವುದರಿಂದ ಕಾರ್ಮಿಕರು ಕಾನೂನುಬದ್ಧ ಪರಿಹಾರವನ್ನೇ ಕಳೆದುಕೊಳ್ಳುವ ಸಂಭವವಿದೆ. ಕೆಳಕಂಡ ಅವಧಿಗಳನ್ನು ಕಡ್ಡಾಯವಾಗಿ ಗಮನಿಸತಕ್ಕದ್ದು:

- ಕುಂದುಕೊರತೆ ನಿವಾರಣಾ ಸಮಿತಿಗೆ ಅರ್ಜಿ: ವ್ಯಾಜ್ಯಕಾರಣ ಉಂಟಾದ ದಿನಾಂಕದಿಂದ 1 ವರ್ಷದೊಳಗೆ.
- ಸಮಿತಿಯು ನಡವಳಿ ಪೂರ್ಣಗೊಳಿಸಬೇಕಾದ ಅವಧಿ: ಅರ್ಜಿ ಸ್ವೀಕರಿಸಿದ 30 ದಿನಗಳೊಳಗೆ.
- ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದಲ್ಲಿ ಅಥವಾ ಅವಧಿಯೊಳಗೆ ಇತ್ಯರ್ಥವಾಗದಿದ್ದಲ್ಲಿ, ತಾನು ಸದಸ್ಯನಾಗಿರುವ ಸಂಘದ ಮೂಲಕ ಸಂಧಾನಾಧಿಕಾರಿಗೆ ಅರ್ಜಿ: 60 ದಿನಗಳೊಳಗೆ.
- ಕೆಲಸದಿಂದ ವಜಾ ಅಥವಾ ಬಿಡುಗಡೆಯ ಪ್ರಕರಣ: ಸಂಧಾನಾಧಿಕಾರಿಗೆ ಅರ್ಜಿ ಸಲ್ಲಿಸಿ 45 ದಿನ ಕಳೆದ ನಂತರ ಕಾರ್ಮಿಕನು ನೇರವಾಗಿ ನ್ಯಾಯಾಧಿಕರಣಕ್ಕೆ ಹೋಗಬಹುದು; ಆದರೆ ವಜಾ ಆದ ದಿನಾಂಕದಿಂದ 2 ವರ್ಷದೊಳಗೆ.

ನಿದರ್ಶನ: 2026ರ ಜನವರಿಯಲ್ಲಿ ಬಡ್ತಿ ತಪ್ಪಿದ ಕಾರ್ಮಿಕನು ವಿಷಯವನ್ನು ಅಭ್ಯರ್ಥಿಗೆ ತಿಳಿಸಿ, ಸಮಿತಿಗೆ ಅರ್ಜಿ ಸಲ್ಲಿಸದೆ ಹೊಸ ಕಾರ್ಯಕಾರಿ ಸಮಿತಿಗಾಗಿ 2027ರ ಫೆಬ್ರವರಿಯವರೆಗೆ ಕಾದಲ್ಲಿ, ಒಂದು ವರ್ಷದ ಅವಧಿ ಮೀರಿರುತ್ತದೆ. ಅಭ್ಯರ್ಥಿಗೆ ಹೇಳಿದ ಮಾತು ಸಮಿತಿಗೆ ಸಲ್ಲಿಸಿದ ಅರ್ಜಿಯಾಗುವುದಿಲ್ಲ. ಆದುದರಿಂದ ಅಭ್ಯರ್ಥಿಯು ಅಹವಾಲು ಕೇಳಿದ ದಿನವೇ ಅರ್ಜಿ ಸಲ್ಲಿಕೆಯಾಗಿದೆಯೇ ಎಂದು ವಿಚಾರಿಸಿ, ಇಲ್ಲದಿದ್ದಲ್ಲಿ ಸಲ್ಲಿಸುವಂತೆ ಸೂಚಿಸಬೇಕು.

8. ಮಾಡಬಾರದ ಕಾರ್ಯಗಳು

ಉದ್ಯೋಗದಾತರು: ಸಂಘಟಿತರಾಗುವ ಹಕ್ಕಿಗೆ ಅಡ್ಡಿಪಡಿಸುವುದು, ಸಂಘದ ಚಟುವಟಿಕೆಗಾಗಿ ಕಾರ್ಮಿಕರನ್ನು ಶಿಕ್ಷಿಸುವುದು ಅಥವಾ ವರ್ಗಾಯಿಸುವುದು, ಒಂದು ಸಂಘಕ್ಕೆ ಪಕ್ಷಪಾತ ತೋರುವುದು ಸಂಹಿತೆಯ ಎರಡನೇ ಅನುಸೂಚಿಯಂತೆ ಅನುಚಿತ ಕಾರ್ಮಿಕ ಪದ್ಧತಿಗಳಾಗಿವೆ.

ಸಂಘ ಮತ್ತು ಅಭ್ಯರ್ಥಿಗಳು: ಸಂಘಕ್ಕೆ ಸೇರುವಂತೆ ಅಥವಾ ಸೇರದಂತೆ ಬಲವಂತಪಡಿಸುವುದು, ಹಿಂಸೆ ಅಥವಾ ಬೆದರಿಕೆಗೆ ಇಳಿಯುವುದು ಸಹ ನಿಷಿದ್ಧ.

ಮುಷ್ಕರದ ಭರವಸೆ ನೀಡುವ ಮುನ್ನ ಅಭ್ಯರ್ಥಿಯು ಕಾನೂನನ್ನು ಅರಿತಿರಬೇಕು. ಸೂಚನಾಪತ್ರ ನೀಡಿದ 14 ದಿನಗಳೊಳಗೆ, ಸಂಧಾನ ನಡವಳಿ ನಡೆಯುತ್ತಿರುವಾಗ ಹಾಗೂ ಅದು ಮುಗಿದ 7 ದಿನಗಳೊಳಗೆ ಮುಷ್ಕರ ಹೂಡುವಂತಿಲ್ಲ. ಶೇ. 50 ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಪರಿಗಣಿಸಲಾಗುತ್ತದೆ.

9. ಪ್ರತಿನಿಧಿಗಳಿಗೆ ರಕ್ಷಣೆ

ನೋಂದಾಯಿತ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರು ಅಥವಾ ಪದಾಧಿಕಾರಿಗಳಲ್ಲಿ ನಿಯಮಾನುಸಾರ ಮಾನ್ಯತೆ ಪಡೆದವರು 'ಸಂರಕ್ಷಿತ ಕಾರ್ಮಿಕ'ರೆನಿಸುತ್ತಾರೆ. ಇವರ ಸಂಖ್ಯೆಯು ಸಂಸ್ಥೆಯ ಒಟ್ಟು ಕಾರ್ಮಿಕರ ಶೇ. 1ರಷ್ಟು, ಕನಿಷ್ಠ 5, ಗರಿಷ್ಠ 100. ವಿವಾದದ ನಡವಳಿ ಬಾಕಿ ಇರುವಾಗ ಸಂಬಂಧಪಟ್ಟ ಪ್ರಾಧಿಕಾರದ ಲಿಖಿತ ಅನುಮತಿಯಿಲ್ಲದೆ ಇವರನ್ನು ವಜಾ ಮಾಡುವುದಾಗಲಿ, ಶಿಕ್ಷಿಸುವುದಾಗಲಿ, ಇವರ ಸೇವಾ ಷರತ್ತುಗಳನ್ನು ಪ್ರತಿಕೂಲವಾಗಿ ಬದಲಾಯಿಸುವುದಾಗಲಿ ಕೂಡದು.

ಪದಾಧಿಕಾರಿಯಲ್ಲದ ವಿಭಾಗ ಪ್ರತಿನಿಧಿಗೆ ಈ ವಿಶೇಷ ರಕ್ಷಣೆ ದೊರೆಯುವುದಿಲ್ಲ. ಧೈರ್ಯದಿಂದ ಮಾತನಾಡಿದ ಪ್ರತಿನಿಧಿಯು ನಂತರ ಒಂಟಿಯಾಗದಂತೆ ನೋಡಿಕೊಳ್ಳುವುದು ಅಹವಾಲು ಕೇಳಿದ ಅಭ್ಯರ್ಥಿಯ ನೈತಿಕ ಹೊಣೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸಂಘದ ಪದಾಧಿಕಾರಿಗಳ ಚುನಾವಣೆಯನ್ನು ಕಾರ್ಮಿಕ ಇಲಾಖೆ ನಡೆಸುತ್ತದೆಯೇ?
ಉತ್ತರ: ಇಲ್ಲ. ಸಂಘವು ತನ್ನ ನಿಯಮಾವಳಿಯಂತೆ ನಡೆಸತಕ್ಕದ್ದು. ಪದಾಧಿಕಾರಿಗಳ ಬದಲಾವಣೆಯನ್ನು ನೋಂದಣಾಧಿಕಾರಿಗಳಿಗೆ ತಿಳಿಸಬೇಕು.

ಪ್ರಶ್ನೆ: ಚುನಾವಣೆಯ ಬಗ್ಗೆ ತಕರಾರಿದ್ದಲ್ಲಿ ಯಾರನ್ನು ಸಂಪರ್ಕಿಸಬೇಕು?
ಉತ್ತರ: ಪದಾಧಿಕಾರಿಗಳ ಚುನಾವಣೆ, ಸಂಘದ ಆಡಳಿತ ಅಥವಾ ನಿರ್ವಹಣೆಗೆ ಸಂಬಂಧಿಸಿದ ವಿವಾದಗಳನ್ನು ಸಂಹಿತೆಯಂತೆ ಕೈಗಾರಿಕಾ ನ್ಯಾಯಾಧಿಕರಣದ ಮುಂದೆ ಸಲ್ಲಿಸಬೇಕು.

ಪ್ರಶ್ನೆ: ಅಭ್ಯರ್ಥಿಯು ಅಹವಾಲಿನ ಬಗ್ಗೆ ಆಡಳಿತ ವರ್ಗದೊಡನೆ ನೇರವಾಗಿ ಒಪ್ಪಂದ ಮಾಡಿಕೊಳ್ಳಬಹುದೇ?
ಉತ್ತರ: ಇಲ್ಲ. ಆಯ್ಕೆಯಾಗುವವರೆಗೆ ಅಭ್ಯರ್ಥಿಗೆ ಸಂಘದ ಪರವಾಗಿ ಒಪ್ಪಂದ ಮಾಡಿಕೊಳ್ಳುವ ಅಧಿಕಾರವಿರುವುದಿಲ್ಲ. ತುರ್ತು ವಿಷಯವನ್ನು ಹಾಲಿ ಕಾರ್ಯಕಾರಿ ಸಮಿತಿಯ ಗಮನಕ್ಕೆ ತರಬೇಕು.

ಪ್ರಶ್ನೆ: ಕುಂದುಕೊರತೆ ನಿವಾರಣಾ ಸಮಿತಿಯಲ್ಲಿ ಬಹುಮತದಿಂದ ತೀರ್ಮಾನವಾದರೆ ಸಾಕೇ?
ಉತ್ತರ: ಸಾಲದು. ಕಾರ್ಮಿಕರನ್ನು ಪ್ರತಿನಿಧಿಸುವ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿರಬೇಕು. ಇಲ್ಲದಿದ್ದಲ್ಲಿ ತೀರ್ಮಾನವಾಗಿಲ್ಲವೆಂದೇ ಭಾವಿಸಲಾಗುತ್ತದೆ.

ಪ್ರಶ್ನೆ: ಸೋತ ಅಭ್ಯರ್ಥಿಯು ಸಂಗ್ರಹಿಸಿದ ಅಹವಾಲುಗಳ ಗತಿ ಏನು?
ಉತ್ತರ: ಅವುಗಳನ್ನು ಪ್ರತಿನಿಧಿಗಳ ಒಪ್ಪಿಗೆ ಪಡೆದು ಹೊಸ ಕಾರ್ಯಕಾರಿ ಸಮಿತಿಗೆ ಲಿಖಿತವಾಗಿ ಹಸ್ತಾಂತರಿಸುವುದು ಉತ್ತಮ ಸಂಪ್ರದಾಯ. ಅಹವಾಲು ಕಾರ್ಮಿಕರದು; ಚುನಾವಣೆಯ ಸೋಲು ಗೆಲುವಿನೊಡನೆ ಅದು ಮುಗಿಯುವುದಿಲ್ಲ.

11. ಸಂಪರ್ಕಿಸಬೇಕಾದ ಕಚೇರಿಗಳು

ರಾಜ್ಯ ವ್ಯಾಪ್ತಿಯ ಸಂಸ್ಥೆಗಳಿಗೆ ಸಂಬಂಧಿಸಿದಂತೆ ಆಯಾ ಪ್ರದೇಶದ ಕಾರ್ಮಿಕ ನಿರೀಕ್ಷಕರು, ಕಾರ್ಮಿಕ ಅಧಿಕಾರಿಗಳು, ಸಹಾಯಕ ಅಥವಾ ಉಪ ಕಾರ್ಮಿಕ ಆಯುಕ್ತರ ಕಚೇರಿಯನ್ನು ಸಂಪರ್ಕಿಸಬಹುದು. ಕಾರ್ಮಿಕ ಆಯುಕ್ತರ ಕಚೇರಿಯು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿರುತ್ತದೆ. ರೈಲ್ವೆ, ಬ್ಯಾಂಕು, ಗಣಿ ಹಾಗೂ ಕೇಂದ್ರ ಸಾರ್ವಜನಿಕ ಉದ್ಯಮಗಳಂತಹ ಕೇಂದ್ರ ವ್ಯಾಪ್ತಿಯ ಸಂಸ್ಥೆಗಳ ಕಾರ್ಮಿಕರು ಪ್ರಾದೇಶಿಕ ಕಾರ್ಮಿಕ ಆಯುಕ್ತರು (ಕೇಂದ್ರ) ಅವರನ್ನು ಸಂಪರ್ಕಿಸತಕ್ಕದ್ದು.

ಕಚೇರಿಗೆ ಬರುವಾಗ ಸಂಘದ ನೋಂದಣಿ ಪತ್ರ ಮತ್ತು ನಿಯಮಾವಳಿಯ ಪ್ರತಿ, ಸದಸ್ಯತ್ವದ ರಸೀದಿ, ಗುರುತಿನ ಚೀಟಿ, ಸಮಿತಿಗೆ ಸಲ್ಲಿಸಿದ ಅರ್ಜಿಯ ಸ್ವೀಕೃತಿ ಹಾಗೂ ಸಂಬಂಧಿತ ಪತ್ರವ್ಯವಹಾರಗಳನ್ನು ತರುವುದು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಸಂಹಿತೆ ಹಾಗೂ ಅದರಡಿಯ ನಿಯಮಗಳ ಮೂಲಪಾಠವೇ ಅಂತಿಮ. ಅರ್ಜಿ ನಮೂನೆ ಮತ್ತು ಶುಲ್ಕಗಳನ್ನು ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳಂತೆ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.